ತಲೆತಿರುಗುವವರ ಮನೆಗೆ ಕಡಲು ಹೊತ್ತುಕೊಂಡು ಹೋದದ್ದು

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ ಕೆಲಸವನ್ನು ನಮ್ಮೂರಿನವರು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಕುತ್ತಿಗೆ ತಿರುಪುವುದು. ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿಂತಿದ್ದರೆ ಈಗಲೂ ಯಾರಾದರೂ ಪಕ್ಕದವರಿಗೆ ನನ್ನನ್ನು ತೋರಿಸಿ, "ಅವ್ರೇ ಕಾಣಿ, ಕುತ್ತ್ಗಿ ತಿರ್ಪು ಅಮ್ಮ" ಎನ್ನುತ್ತಾರೆ. ಕೇಳಿಸಿಕೊಂಡವರು ಕೋಳಿಯದ್ದೋ ಮನುಷ್ಯರದ್ದೋ ಎಂದು ಒಂದು ಕ್ಷಣ ನನ್ನ ಕೈಗಳನ್ನೇ ನೋಡುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ಸೊಂಟ, ಮಂಡಿ, ಭುಜ ಎಲ್ಲವನ್ನೂ ನೋಡಿದ್ದೇನೆ. ಹೆಸರು ಬಂದದ್ದು ಮಾತ್ರ ತಲೆತಿರುಗುವವರಿಂದ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ತ್ರಾಸಿಯ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿಯುವ ಮೊದಲೇ ಅವರಿಗೆ ಯಂತ್ರದ ಸುದ್ದಿ ಬೇಕು. "ಮೇಡಂ, ನೀವು ವಿಆರ್ ಶುರು ಮಾಡಿದವರಂತೆ, ಹೇಗೆ ಮಾಡಿದಿರಿ?" ಹೇಗೆ ಮಾಡಿದೆವು ಎಂದರೆ, ತಪ್ಪು ಮಾಡಿ ಮಾಡಿ ಮಾಡಿದೆವು. ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವುದು ನನ್ನ ಗಂಟಲಿಗೆ ಕಷ್ಟ. ಅದಕ್ಕೆ ಬರೆದಿಡುತ್ತಿದ್ದೇನೆ.

ಮೊದಲು ರೋಗದ ವಿಷಯ. ನಮ್ಮ ಕಿವಿಯ ಒಳಭಾಗದಲ್ಲಿ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಒಂದು ಅಂಗ ಇದೆ. ಅದರಲ್ಲಿ ಅತಿ ಸಣ್ಣ ಹರಳುಗಳಿರುತ್ತವೆ. ಅವು ತಮ್ಮ ಜಾಗ ಬಿಟ್ಟು ಪಕ್ಕದ ಬಳೆಯಾಕಾರದ ನಾಳಕ್ಕೆ ಜಾರಿದರೆ ಕತೆ ಮುಗಿಯಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮಾಡು, ಅಂದರೆ ತಲೆಮೇಲಿನ ಸೂರು, ತಿರುಗುತ್ತದೆ, ತಲೆ ಮೇಲೆತ್ತಿದರೆ ಅಂಗಳ ತಿರುಗುತ್ತದೆ. ಇದಕ್ಕೆ ಮಾತ್ರೆಗಿಂತ ಒಳ್ಳೆಯ ಮದ್ದು ತಲೆಯನ್ನು ಕ್ರಮವಾಗಿ ಹೊರಳಿಸುವುದು. ಯಾವ ಕಿವಿಯಲ್ಲಿ ತೊಂದರೆಯೋ ಆ ಬದಿಗೆ ತಲೆ ತಿರುಗಿಸಿ ಹಿಂದಕ್ಕೆ ಮಲಗಬೇಕು, ಕಾಯಬೇಕು, ಇನ್ನೊಂದು ಬದಿಗೆ ತಿರುಗಬೇಕು, ಮೈಯನ್ನೂ ಹೊರಳಿಸಬೇಕು, ಏಳಬೇಕು. ಹರಳು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಬದಿ ತಪ್ಪಿದರೆ ಎಷ್ಟು ಹೊರಳಿದರೂ ಏನೂ ಪ್ರಯೋಜನ ಇಲ್ಲ.

ಶುರುವಿನಲ್ಲಿ ನಾನು ರೋಗಿಗಳಿಗೆ "ಕಿವಿಯೊಳಗೆ ಸಣ್ಣ ಕಲ್ಲು ಜಾರಿದೆ" ಎಂದು ಹೇಳುತ್ತಿದ್ದೆ. ಬ್ರಹ್ಮಾವರದಿಂದ ಬಂದ ಒಬ್ಬ ಅಡುಗೆ ಭಟ್ಟರು ತಲೆಯಾಡಿಸಿ ಹೋದವರು ಹತ್ತು ದಿನ ಬಿಟ್ಟು ಬಂದರು. ಹೊರಳುವ ವ್ಯಾಯಾಮ ಮಾಡಿದಿರಾ ಎಂದರೆ ಇಲ್ಲ. ಮತ್ತೆ?

"ಬಾಳಿ ದಿಂಡಿನ್ ರಸ ಕುಡದೆ, ಅಮ್ಮ. ಕಲ್ಲ್ ಕರ್ಗುಕೆ ಅದೇ ಅಲ್ದಾ? ನಮ್ ಭಾವಂಗೆ ಅದ್ರಂಗೇ ಗುಣ ಆದ್ದ್."

ಭಾವನ ಕಲ್ಲು ಇದ್ದದ್ದು ಮೂತ್ರಪಿಂಡದಲ್ಲಿ. ಭಟ್ಟರು ದಿನಾ ಒಂದು ಲೋಟ ಕುಡಿದು ಕಿವಿಯ ಕಲ್ಲು ಕರಗಲಿ ಎಂದು ಕಾದಿದ್ದರು. ಆಮೇಲೆ ನಾನು ಕಲ್ಲು ಎನ್ನುವುದನ್ನೇ ಬಿಟ್ಟೆ. "ಹೊಯ್ಗೆ ಕಣ ಜಾರಿದೆ" ಎಂದರೆ ನಮ್ಮ ಕಡೆಯವರಿಗೆ ಥಟ್ಟನೆ ಅರ್ಥವಾಗುತ್ತದೆ. ಮರಳು ಕರಗಿಸಲು ಯಾರೂ ಏನೂ ಕುಡಿಯುವುದಿಲ್ಲ.

ಮನೆಯಲ್ಲಿ ಮಾಡಲಿಕ್ಕೆ ಆಗ ನಾವು ಕೊಡುತ್ತಿದ್ದದ್ದು ಒಂದು ಝೆರಾಕ್ಸ್ ಹಾಳೆ. ಅದರಲ್ಲಿ ಮುಖವಿಲ್ಲದ ಒಬ್ಬ ಮನುಷ್ಯ ಮಂಚದ ಮೇಲೆ ಬೇರೆ ಬೇರೆ ಭಂಗಿಯಲ್ಲಿ ಬಿದ್ದಿರುತ್ತಿದ್ದ. ಝೆರಾಕ್ಸಿನ ಝೆರಾಕ್ಸ್ ಆಗಿ ಕೊನೆಗೆ ಅವನ ತಲೆ ಯಾವುದು ಕಾಲು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಆ ಹಾಳೆ ಹಿಡಿದುಕೊಂಡು ಮನೆಗೆ ಹೋದವರಲ್ಲಿ ಹೆಚ್ಚಿನವರು ಹಾಗೆಯೇ ತಿರುಗುವ ತಲೆ ಹೊತ್ತುಕೊಂಡು ವಾಪಸು ಬರುತ್ತಿದ್ದರು.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಈ ವಿಆರ್ ಬಂತು. ಅಂದರೆ ಮುಖಕ್ಕೆ ಕಟ್ಟಿಕೊಳ್ಳುವ ಪೆಟ್ಟಿಗೆಯಂಥ ಕನ್ನಡಕ. ಹಾಕಿಕೊಂಡರೆ ಎದುರಿಗೆ ಬೇರೆಯೇ ಜಾಗ ಕಾಣುತ್ತದೆ, ತಲೆ ತಿರುಗಿಸಿದ ಬದಿಗೆ ಆ ಜಾಗವೂ ತೆರೆದುಕೊಳ್ಳುತ್ತದೆ. ಒಂದು ದನಿ ಹೀಗೆ ತಿರುಗಿ, ಹೀಗೆ ಮಲಗಿ ಎನ್ನುತ್ತದೆ. ಸರಿಯಾಗಿ ತಿರುಗಿದರೆ ಹಸಿರು ಚುಕ್ಕಿ, ತಪ್ಪಿದರೆ ಎಲ್ಲ ಕೆಂಪು. ಅದನ್ನು ನಮಗಾಗಿ ಹೊಂದಿಸಲು ಬಂದವಳು ಮೇಘನಾ, ಮೈಸೂರಿನ ಇಂಜಿನಿಯರ್ ಹುಡುಗಿ. ತುಂಬ ಚುರುಕು. ಬೆಳಿಗ್ಗೆ ಸೂರ್ಯನನ್ನು ಕಂಡರೂ ಮೂಡಣ ಯಾವುದು ಎಂದು ಮೊಬೈಲಿನಲ್ಲಿ ನೋಡುವವಳು.

ಮೊದಲ ಪ್ರಯೋಗ ನಮ್ಮ ಹೆಬ್ಬಾರ ಡಾಕ್ಟರ ಮೇಲೆ. ಅವರು ಕಿವಿ-ಮೂಗು-ಗಂಟಲು ವಿಭಾಗದ ಮುಖ್ಯಸ್ಥರು, ನನ್ನ ಮೇಲಿನವರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಮೂಗಿನ ಡಾಕ್ಟರೇ ಆದ್ದರಿಂದ ಅದು ಸರಿಯಾದ ಜಾಗದಲ್ಲೇ ಇತ್ತು ಎನ್ನಬೇಕು. "ನನಗೆಲ್ಲ ಇದು ಏನೂ ಆಗುವುದಿಲ್ಲ" ಎಂದು ಕನ್ನಡಕ ಕಟ್ಟಿಕೊಂಡು ನಿಂತರು. ಅದರಲ್ಲಿದ್ದದ್ದು ಯಾವುದೋ ದೇಶದ ಹಿಮದ ಬೆಟ್ಟ. ಅರ್ಧ ನಿಮಿಷದಲ್ಲಿ ನನ್ನ ಸೆರಗು ಹಿಡಿದುಕೊಂಡು ನೆಲಕ್ಕೆ ಕುಳಿತರು. ಒಂದು ಲೋಟ ಲಿಂಬೆ ಶರಬತ್ತು ಕುಡಿದ ಮೇಲೆ ತೀರ್ಪು ಕೊಟ್ಟರು: "ಯಂತ್ರ ಚೆನ್ನಾಗಿದೆ."

ರೋಗಿಗಳ ತೀರ್ಪು ಬೇರೆಯೇ ಆಗಿತ್ತು. ಬೈಂದೂರಿನ ಒಬ್ಬ ಅಜ್ಜಿ ಹಿಮ ಕಂಡು ಶಾಲು ಕೇಳಿದರು. ಅದರ ದನಿಯೋ, ವಾರ್ತೆ ಓದುವ ಹಾಗೆ: "ತಲೆಯನ್ನು ಬಲಕ್ಕೆ ನಲವತ್ತೈದು ಡಿಗ್ರಿ ತಿರುಗಿಸಿ." ಡಿಗ್ರಿ ಅಂದರೆ ಜ್ವರ ಅಲ್ಲವಾ ಎಂದು ಕೇಳಿದವರೂ ಇದ್ದಾರೆ. ಅದಕ್ಕಿಂತ ದೊಡ್ಡ ತೊಂದರೆ ಎಡ-ಬಲದ್ದು. ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಜಾಗ ಮಾಡಿಕೊಡಲಿಕ್ಕೂ "ಒಂಚೂರ್ ತೆಂಕ ಸರೀನಿ" ಎನ್ನುವವರು. ತೆಂಕು ಅಂದರೆ ದಕ್ಷಿಣ, ಬಡಗು ಉತ್ತರ, ಮೂಡು ಪೂರ್ವ; ಮಂಚದ ಬಡಗು ಬದಿ, ಬಾವಿಯ ಮೂಡು ಬದಿ, ಹೀಗೆ ನಮ್ಮ ಲೆಕ್ಕ. ಕಣ್ಣಿಗೆ ಪೆಟ್ಟಿಗೆ ಕಟ್ಟಿ ತಲೆ ಗಿರ್ರೆನ್ನುವಾಗ ಎಡ-ಬಲ ಅಂದರೆ ಯಾರಿಗೆ ನೆನಪಾಗುತ್ತದೆ?

"ಮೇಘನಾ, ಈ ಹಿಮ ತೆಗೆದುಹಾಕು. ಮರವಂತೆ ಹಾಕು" ಎಂದೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅದನ್ನು ಕಾಣದವರಿಲ್ಲ. ಮೇಘನಾ ರಸ್ತೆ ಬದಿಯಲ್ಲಿ ಲಿಂಬೆಕಾಯಿಯಷ್ಟು ಸಣ್ಣ ಕ್ಯಾಮರಾ ನಿಲ್ಲಿಸಿ ಸುತ್ತಲಿನದ್ದೆಲ್ಲ ಒಟ್ಟಿಗೆ ಚಿತ್ರ ತೆಗೆದಳು. ಲಾರಿಗಳ ಹಾರ್ನ್ ಕಳೆಯಲು ಚಿತ್ರದ ಸದ್ದನ್ನು ಪೂರ್ತಿ ತೆಗೆದುಹಾಕಿ ನನ್ನ ದನಿ ಕೂರಿಸಿದಳು. ನಮ್ಮದೇ ಭಾಷೆ, ಮಲಗಿ ಎನ್ನಲು ಮನಿಕಣಿ: "ಕಡಲ್ ಬದಿಗೆ ತಿರ್ಗಿ. ಹಾಂಗೇ ಮನಿಕಣಿ. ಈಗ ಹೊಳಿ ಬದಿಗೆ ತಿರ್ಗಿ." ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ ಪ್ರಯೋಗ ಮಾಡಿದವರೆಲ್ಲ ಒಂದೇ ಸಲಕ್ಕೆ ಸರಿಯಾಗಿ ತಿರುಗಿದರು. ನಾನು ಗೆದ್ದೆ ಎಂದುಕೊಂಡೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಕಡಲನ್ನು ಕಂಡು, ಇದು ಈಗ ನನ್ನ ಇಲಾಖೆಗೆ ಸೇರಿದ್ದು ಎನ್ನುವಂಥ ಜಂಬವೂ ಬಂತು.

ಆ ಜಂಬ ಇಳಿಸಿದವರು ಗುಲಾಬಕ್ಕ.

ಗುಲಾಬಕ್ಕನ ಮನೆ ಮರವಂತೆಯಲ್ಲಿ, ಕಡಲ ಬುಡದಲ್ಲಿ. ನಾನು ಮದುವೆಯಾಗಿ ತ್ರಾಸಿಗೆ ಬಂದಾಗಿನಿಂದ ನಮ್ಮ ಮನೆಗೆ ಮೀನು ತರುವವರು ಅವರೇ. ಬೇರೆ ಮೀನಿನವರೆಲ್ಲ ಸ್ಕೂಟರಿಗೆ ಹಾರ್ನ್ ಕಟ್ಟಿಕೊಂಡು ಬರುವ ಕಾಲದಲ್ಲೂ ಅವರದ್ದು ತಲೆಮೇಲಿನ ಬುಟ್ಟಿ, ಗೇಟಿನಿಂದಲೇ "ಹ್ವಾಯ್, ಇದ್ರ್ಯಾ?" ಎನ್ನುವ ಕೂಗು. ಬುಟ್ಟಿ ಇಳಿಸುವಾಗಲೂ ಹೊರಿಸುವಾಗಲೂ ಮನೆಯವರು ಒಂದು ಬದಿ ಹಿಡಿಯುವುದು ಪದ್ಧತಿ. ಅವರು ತಲೆಯ ಮೇಲಿನ ಸಿಂಬೆ ಸರಿಮಾಡಿಕೊಂಡು, "ಹೊರ್ಸಿ ಕಾಂಬ" ಎನ್ನುತ್ತಿದ್ದರು, ನಾನು ಎತ್ತಿ ಕೊಡುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಹಾಗೆ ಎತ್ತಿ ಕೊಟ್ಟೆ. ಗುಲಾಬಕ್ಕ ತಲೆ ಸ್ವಲ್ಪ ಮೇಲೆ ಮಾಡಿದ್ದೇ ತಡ, ಬುಟ್ಟಿಯ ಸಮೇತ ನನ್ನ ಮೇಲೆ ವಾಲಿದರು. ಬಂಗಡೆ ಮೀನೆಲ್ಲ ಅಂಗಳದಲ್ಲಿ. ಬೆಕ್ಕುಗಳಿಗೆ ಹಬ್ಬ. ಅವರು ತುಳಸಿಕಟ್ಟೆ ತಬ್ಬಿ ಕುಳಿತು, "ಅಂಗಳ ಎಂತಕೆ ತಿರ್ಗ್ತಾ ಇತ್?" ಎಂದು ನನ್ನನ್ನೇ ಕೇಳಿದರು.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷಿಸಿದೆವು. ಬಲ ಕಿವಿ. ನಾನೇ ಹೊರಳಿಸಿದೆ, ಗುಣವಾಯಿತು, ಕೆಲವು ದಿನಕ್ಕೆ ತಿರುಗಿ ಬಂತು. ಈ ರೋಗದ ಗುಣವೇ ಹಾಗೆ. ಆದರೆ ಮತ್ತೆ ಮತ್ತೆ ಕುಂದಾಪುರಕ್ಕೆ ಬರುವುದೆಂದರೆ ಅವರಿಗೆ ಬಸ್ಸಿನಲ್ಲಿ ವಾಂತಿ. ಕನ್ನಡಕವನ್ನು ಮನೆಗೇ ಕೊಟ್ಟೆವು. ಸೊಸೆ ಆಶಾ ಹೇಗೆ ಕಟ್ಟುವುದು, ಹೇಗೆ ಶುರು ಮಾಡುವುದು ಎಲ್ಲ ಕಲಿತಳು.

ಮಳೆ ಹಿಡಿದಿತ್ತು. ದೋಣಿಗಳೆಲ್ಲ ದಡದಲ್ಲಿ. ಗುಲಾಬಕ್ಕನಿಗೆ ಅದೊಂದು ಅನುಕೂಲ. ಮೀನಿಲ್ಲದ ಕಾಲ, ಹೋಗಲಿಲ್ಲವೆಂದು ಯಾರೂ ಕೇಳುವುದಿಲ್ಲ. ಆದರೆ ಮಳೆ ಬಿಟ್ಟು ದೋಣಿ ಇಳಿದ ದಿನ ಅವರು ಹೊರಡದಿದ್ದರೆ ಅವರು ಮೀನು ಕೊಡುವ ಮನೆಗಳೆಲ್ಲ ಸ್ಕೂಟರಿನ ಮೀನಿನವನ ಪಾಲು. ಮಗ ಆಗಲೇ, "ಸಾಕಮ್ಮ, ಇನ್ನ್ ಮನಿಯಂಗೆ ಕೂಕಣಿ" ಎಂದು ಹೇಳಿಯಾಗಿತ್ತು. ಪ್ರೀತಿಯಿಂದಲೇ ಹೇಳಿದ್ದು. ಗುಲಾಬಕ್ಕ ನನ್ನ ಕೈ ಹಿಡಿದುಕೊಂಡರು.

"ಅಮ್ಮ, ಮನಿಯಂಗೆ ಕೂಕಂಡ್ರೆ ನಂಗೆ ಯಾರ್ ಇದ್ರ್? ದಿನಾ ಮಾತಾಡುಕೆ ಇಪ್ಪುದ್ ನೀವು ಮೀನ್ ತಕಂಬರೇ ಅಲ್ದಾ? ದೋಣಿ ಇಳುಕ್ ಮುಂಚೆ ನನ್ ತಲಿ ನಿಲ್ಸಿ ಕೊಡಿ."

ಕೊಡುತ್ತೇನೆ ಎಂದುಬಿಟ್ಟೆ. ಯಂತ್ರದ ಮೇಲೆ ಅಷ್ಟು ಭರವಸೆ.

ದಿನ ಹೋಯಿತು, ತಲೆ ನಿಲ್ಲಲಿಲ್ಲ. ಫೋನ್ ಮಾಡಿದರೆ ಆಶಾ, "ಅತ್ತಿ ದಿನಾ ಮಾಡ್ತ್ರ್ ಮೇಡಂ, ಒಂದಿನವೂ ಬಿಡ್ಲಿಲ್ಲೆ" ಎನ್ನುತ್ತಿದ್ದಳು. ಹೆಬ್ಬಾರ ಡಾಕ್ಟರ ಮೂಗು ಕೆಂಪಾಯಿತು. "ಯಂತ್ರ ವಾಪಸ್ ತರಿಸಿ. ಅವರಿಗೆ ಬೇರೆ ಏನೋ ಇದೆ, ಸ್ಕ್ಯಾನ್ ಮಾಡುವ" ಎಂದರು. ದೋಣಿಗಳಿಗೆ ಬಣ್ಣ ಬಳಿಯುವ ಕೆಲಸ ಆಗಲೇ ಶುರುವಾಗಿತ್ತು. ಗುಲಾಬಕ್ಕನಿಗೆ ಮಾತು ಕೊಟ್ಟು ಏನೂ ಆಗದೆ ಹೋದರೆ ನಾನು ಗೇಟಿನ ಹತ್ತಿರ ಯಾವ ಮುಖ ಹೊತ್ತು ನಿಲ್ಲಲಿ? "ಒಂದು ದಿನ ಕೊಡಿ ಸರ್" ಎಂದೆ. ಸಂಜೆ ತ್ರಾಸಿಯಲ್ಲಿ ಇಳಿಯದೆ ಬಸ್ಸಿನಲ್ಲೇ ಮುಂದೆ ಮರವಂತೆಗೆ ಹೋದೆ.

ಗುಲಾಬಕ್ಕನ ಕೋಣೆಯ ಮಂಚ ತೆಂಕು-ಬಡಗಾಗಿ ಇತ್ತು, ತಲೆದಿಂಬು ತೆಂಕು ಬದಿಗೆ. ಹೊರಗೆ ಕಡಲ ಕೊರೆತ ತಡೆಯಲು ಹಾಕಿದ ಬಂಡೆಗಳಿಗೆ ಅಲೆ ಬಡಿಯುವ ಸದ್ದು ಎಷ್ಟಿತ್ತೆಂದರೆ, ಚಹಾ ಬೇಕಾ ಎಂದು ಆಶಾ ಎರಡು ಸಲ ಕೂಗಬೇಕಾಯಿತು. "ಯಾವಾಗಲೂ ಮಾಡುವ ಹಾಗೆಯೇ ಮಾಡಿ, ನಾನು ಸುಮ್ಮನೆ ನೋಡುತ್ತೇನೆ" ಎಂದೆ.

ಅವರು ಬಡಗು ಮುಖ ಮಾಡಿ ಮಂಚದ ಮೇಲೆ ಕಾಲು ನೀಡಿ ಕುಳಿತರು, ಕನ್ನಡಕ ಕಟ್ಟಿಕೊಂಡರು. ನನ್ನ ದನಿ ಬಂತು: "ಕಡಲ್ ಬದಿಗೆ ತಿರ್ಗಿ." ಗುಲಾಬಕ್ಕ ಚಂದಕ್ಕೆ, ಒಂಚೂರೂ ಅನುಮಾನವಿಲ್ಲದೆ, ಎಡಕ್ಕೆ ತಿರುಗಿದರು.

ಎಡಕ್ಕೆ! ತೊಂದರೆ ಇದ್ದದ್ದು ಬಲ ಕಿವಿಯಲ್ಲಿ. ಚಿತ್ರದಲ್ಲಿ ಕಡಲು ಇದ್ದದ್ದೂ ಬಲಕ್ಕೆ. ನಾನು ಬಾಯಿ ಬಿಡುವಷ್ಟರಲ್ಲಿ ಅವರು ಹಿಂದಕ್ಕೆ ಮಲಗಿ, ಪಾಠ ಒಪ್ಪಿಸುವ ಹಾಗೆ "ಹೊಳೆ ಬದಿ"ಗೂ ಹೊರಳಿ ಎದ್ದು ಕುಳಿತರು. ಎಲ್ಲವೂ ಲಾಯ್ಕಾಗಿ ತಿರುಗುಮುರುಗು.

"ಗುಲಾಬಕ್ಕ, ಎದುರು ಎಲ್ಲ ಕೆಂಪು ಆಗುವುದಿಲ್ಲವಾ?"

"ಯಾರಿಗ್ ಗೊತ್ತ್? ನಾನ್ ಕಣ್ ಮುಚ್ಚಂಡಿರ್ತೆ."

"ಕಣ್ಣು ಮುಚ್ಚಬಾರದು ಅಂತ ಹೇಳಿದ್ದೆ ಅಲ್ಲವಾ?"

"ಹೇಳಿದ್ರಿ. ಕಣ್ ಬಿಟ್ರೆ ನಿಮ್ ಕಡಲ್ ಆಚಿ ಬದಿಗ್ ಕಾಣತ್ತ್, ನಮ್ ಕಡಲ್ ಈಚಿ ಬದಿಗ್ ಕಿವಿಗ್ ಕೇಂತ್. ಎರ್ಡ್ ಕಡ್ಲಿನ್ ಮಧ್ಯ ಕೂಕಂಬುಕೆ ಆತ್ತಾ? ವಾಂತಿಯೇ ಬತ್ತ್. ಅದ್ಕೆ ಮುಚ್ಚಂಡ್ ನಮ್ ಕಡಲ್ ಬದಿಗೇ ತಿರ್ಗ್ತೆ. ಅದ್ ಸುಳ್ಳ್ ಹೇಳತ್ತಾ?"

ನಾನು ಅಲ್ಲೇ ಕುಳಿತು ನಗಲು ಶುರು ಮಾಡಿದೆ. ಸಂಕಟದ ನಡುವೆಯೂ ನಗು ತಡೆಯಲಾಗಲಿಲ್ಲ. ಮೇಘನಾ ಚಿತ್ರವನ್ನು ಕುಂದಾಪುರದ ಕಡೆಗೆ, ಅಂದರೆ ತೆಂಕು ಮುಖವಾಗಿ ಶುರುವಾಗುವಂತೆ ಇಟ್ಟಿದ್ದಳು. ಹಾಗೆ ನಿಂತರೆ ಕಡಲು ಬಲಕ್ಕೆ. ಗುಲಾಬಕ್ಕ ಕುಳಿತದ್ದು ಬಡಗು ಮುಖ. ಹಾಗೆ ಕುಳಿತರೆ ನಿಜವಾದ ಕಡಲು ಎಡಕ್ಕೆ. ಆಸ್ಪತ್ರೆಯ ಕೋಣೆಯಲ್ಲಿ ಕಡಲು ಕೇಳುವುದಿಲ್ಲ, ಅದಕ್ಕೆ ಅಲ್ಲಿ ಯಾರೂ ತಪ್ಪಲಿಲ್ಲ. ಬೇರೆ ರೋಗ ಗೀಗ ಏನೂ ಇಲ್ಲ ಎಂದು ಗೊತ್ತಾದ ಸಮಾಧಾನಕ್ಕೆ ನನಗೆ ಕಣ್ಣಲ್ಲಿ ನೀರೂ ಬಂತು.

"ಅಷ್ಟೇ ತಾನೇ? ತಲೆದಿಂಬು ಆಚೆಗೆ ಹಾಕಿ, ತೆಂಕು ಮುಖ ಮಾಡಿ ಕುಳಿತುಕೊಳ್ಳಿ" ಎಂದೆ.

ಗುಲಾಬಕ್ಕ ಕನ್ನಡಕ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದರು. "ತೆಂಕ ಮುಖ ಮಾಡಿ ಕೂಕಂಡ್ ಹಿಂದ್ ಮನಿಕಂಡ್ರೆ ತಲಿ ಎಲ್ಲಿಗ್ ಬಪ್ಪುದ್?"

ಬಡಗಿಗೆ.

"ಬಡಗ್ ತಲಿ ಹಾಕಿ ನಾನ್ ಮನಿಕಂಬುದಿಲ್ಲೆ. ತಲಿ ತಿರ್ಗಿದ್ರ್ ತಿರ್ಗ್ಲಿ."

ಎರಡು ನಿಮಿಷ ಮಾತ್ರ, ನಿದ್ದೆ ಮಾಡಲಿಕ್ಕಲ್ಲ, ಮದ್ದು ಎಂದು ಏನೆಲ್ಲ ಹೇಳಿ ನೋಡಿದೆ. ಆಶಾ ಕೂಡ ಅತ್ತೆಯ ಪರ. ಕೊನೆಗೆ ನನಗೇ ಹೊಳೆಯಿತು: ನಮ್ಮ ಮನೆಯಲ್ಲಾದರೂ ನಾನು ಬಡಗು ತಲೆ ಹಾಕಿ ಮಲಗುತ್ತೇನಾ? ಮಗುವನ್ನು ಕೂಡ ಹಾಗೆ ಮಲಗಿಸಿದವಳಲ್ಲ. ಅಲ್ಲಿಂದಲೇ ಮೇಘನಾಳಿಗೆ ಫೋನ್ ಹಚ್ಚಿದೆ. ಇನ್ನೊಮ್ಮೆ ಮಳೆಯಲ್ಲಿ ಚಿತ್ರ ತೆಗೆಯಬೇಕಲ್ಲ, ದೋಣಿ ಇಳಿಯುವುದರೊಳಗೆ ಆಗುತ್ತದಾ ಎಂದು ನನ್ನ ಚಿಂತೆ.

ಅವಳು ಪೂರ್ತಿ ಕೇಳಿ, "ಅಯ್ಯೋ ಮೇಡಂ, ಸುತ್ತಲೂ ತೆಗೆದ ಚಿತ್ರ ಅಲ್ವಾ ಅದು, ಶುರುವಾಗೋ ದಿಕ್ಕು ತಿರುಗಿಸಿದ್ರೆ ಆಯ್ತು. ಊಟ ಮಾಡೋದರೊಳಗೆ ಮುಗಿಸ್ತೀನಿ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಮೇಡಂ, ಈಗ ನಾನು ಇರೋ ರೂಮಲ್ಲಿ ಉತ್ತರ ಯಾವ ಕಡೆ ಬರುತ್ತೆ? ನಾನು ಹೇಗೆ ಮಲಗ್ತಿದ್ದೀನೋ ಏನೋ."

ಮರುದಿನ ಹೊಸ ಚಿತ್ರ, ಹೊಸ ದನಿ. ಈ ಸಲ ಮೊದಲು "ಹೊಳಿ ಬದಿಗೆ ತಿರ್ಗಿ". ಜೊತೆಗೆ ತಪ್ಪಿದರೆ ಕೆಂಪಾಗುವುದು ಮಾತ್ರವಲ್ಲ, "ಕಣ್ ಬಿಡಿ, ಕಣ್ ಮುಚ್ಚೂಕಾಗ" ಎಂದು ನಾನು ಗದರುವ ಹಾಗೂ ಮಾಡಿದೆವು. ಗುಲಾಬಕ್ಕ ಕನ್ನಡಕ ಹಾಕಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕಂಡ ಕಡಲೂ ಕೇಳಿದ ಕಡಲೂ ಒಂದೇ ಬದಿಗೆ ಇದ್ದವು. "ಹಾಂ, ಈಗ ಸಮ ಆಯ್ತ್" ಎಂದು ಹೊಳೆ ಬದಿಗೆ ತಿರುಗಿ ಹಿಂದಕ್ಕೆ ಮಲಗಿದರು. ಒಮ್ಮೆ ಜೋರಾಗಿ ತಿರುಗಿತು. ಆಶಾಳ ಕೈಯನ್ನು ಗಟ್ಟಿ ಹಿಡಿದರು, ಆದರೆ ಕಣ್ಣು ಮುಚ್ಚಲಿಲ್ಲ. ಮೆಲ್ಲ ಮೆಲ್ಲ ಇಳಿಯಿತು. ಹೊರಳಿ, ಎದ್ದು, ಕನ್ನಡಕ ಬಿಚ್ಚಿ, ಮಾಡಿನ ಕಡೆ ತಲೆ ಎತ್ತಿ ನೋಡಿದರು. ಮತ್ತೊಮ್ಮೆ ನೋಡಿದರು.

"ಮಾಡ್ ನಿಂತ್ತ್, ಮಾರಾಯ್ರೆ!"

ಹೆಬ್ಬಾರ ಡಾಕ್ಟರು ವಿಷಯ ಕೇಳಿ ಬಹಳ ಹೊತ್ತು ನಕ್ಕರು. ಆವತ್ತಿನಿಂದ ನಮ್ಮ ವಿಭಾಗಕ್ಕೆ ಅವರು ಇಟ್ಟ ಹೆಸರು ವಾಸ್ತು ವಿಭಾಗ. ನಗಲಿ. ಕನ್ನಡಕ ಕೊಡುವ ಮೊದಲು ನಾವು ಕೇಳುವ ಪ್ರಶ್ನೆ ಅಲ್ಲಿಂದ ಬದಲಾಯಿತು: ನಿಮ್ಮ ಮಂಚ ಯಾವ ದಿಕ್ಕಿಗಿದೆ, ತಲೆ ಎಲ್ಲಿಗೆ ಹಾಕುತ್ತೀರಿ, ಮನೆಗೆ ಕಡಲು ಕೇಳುತ್ತದಾ? ಹೊಸ ಹುಡುಗಿಯರೇ, ನೀವೂ ಕೇಳಿ. ಯಂತ್ರ ಎಷ್ಟೇ ಹೊಸತಾಗಲಿ, ರೋಗಿ ಅದನ್ನು ಕಟ್ಟಿಕೊಳ್ಳುವುದು ಅವರ ಮಂಚದ ಮೇಲೆ. ಆ ಮಂಚವನ್ನು ಒಮ್ಮೆ ಹೋಗಿ ನೋಡಿ.

ಮಳೆ ಬಿಟ್ಟಿತು, ದೋಣಿ ಇಳಿಯಿತು. ಮೊದಲು ಖಾಲಿ ಬುಟ್ಟಿ, ಆಮೇಲೆ ಅರ್ಧ ಬುಟ್ಟಿ ಎಂದು ನಾನು ಹಾಕಿಕೊಟ್ಟ ಕ್ರಮವನ್ನು ಗುಲಾಬಕ್ಕ ಎಷ್ಟು ಪಾಲಿಸಿದರೋ ದೇವರಿಗೇ ಗೊತ್ತು. ಗೇಟಿನಲ್ಲಿ "ಹ್ವಾಯ್" ಎಂದು ಕೇಳಿದಾಗ ಓಡಿದವಳು ನಾನೇ. ಸ್ವಲ್ಪ ಕಾಲಕ್ಕೆ ನನಗೆ ನಿವೃತ್ತಿಯಾಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ, ಮಾಡೂ ಮಗ್ಗುಲು ಬದಲಿಸಿಕೊಂಡೇ ಹೋಯಿತು. ನನಗೆ! ಊರಿನ ತಲೆಯನ್ನೆಲ್ಲ ನಿಲ್ಲಿಸಿದವಳಿಗೆ! ನಮ್ಮ ಮನೆಯವರು ಗಾಬರಿಯಾಗಿ ಮೇಘನಾಳಿಗೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ ಕನ್ನಡಕ ತಂದರು. ಹಾಸಿಗೆಯಲ್ಲೇ ಪರೀಕ್ಷಿಸಿಕೊಂಡೆ, ನನ್ನದೂ ಬಲ ಕಿವಿ. ಕಟ್ಟಿಕೊಂಡೆ. ಒಂದು ಕ್ಷಣದಲ್ಲಿ ವಾಂತಿ ಬರುವ ಹಾಗಾಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಕಿವಿಯಲ್ಲಿ ನನ್ನದೇ ದನಿ ಗದರಿತು: "ಕಣ್ ಬಿಡಿ, ಕಣ್ ಮುಚ್ಚೂಕಾಗ."

ಎಂಥ ಕರ್ಕಶ ದನಿ! ಇದನ್ನು ಕೇಳಿಯೂ ಜನ ನನ್ನ ಮೇಲೆ ಪ್ರೀತಿ ಇಟ್ಟುಕೊಂಡರಲ್ಲ ಎಂದು ಆಶ್ಚರ್ಯವಾಯಿತು.

ಅಷ್ಟರಲ್ಲಿ ಗೇಟಿನಲ್ಲಿ, "ಹ್ವಾಯ್, ಇದ್ರ್ಯಾ?" ನಮ್ಮವರು ವಿಷಯ ಹೇಳಿರಬೇಕು. ಬುಟ್ಟಿ ಇಳಿಸಿದ ಸದ್ದು, ನಲ್ಲಿಯಲ್ಲಿ ಕೈ ತೊಳೆದ ಸದ್ದು, ಆಮೇಲೆ ಗುಲಾಬಕ್ಕ ನೇರ ಮಲಗುವ ಕೋಣೆಗೇ ಬಂದರು.

"ಎಂತ ಅಮ್ಮ ಇದ್? ಊರಿಗೆಲ್ಲ ಕೇಣ್ತಿದ್ರಿ ಅಲ್ದಾ, ಮಂಚ ಯಾವ ದಿಕ್ಕಿಗ್ ಇತ್ ಅಂದೇಳಿ? ನಿಮ್ದ್ ಕಾಣಿ, ಮೂಡ್ ತಲಿ! ಕಡಲ್ ಎದ್ರಿಗ್ ಬತ್ತಿಲ್ಯಾ?"

ನಿಜ. ನಮ್ಮ ಮಂಚದ ತಲೆ ಮೂಡಿಗೆ. ಕುಳಿತರೆ ನಿಜವಾದ ಕಡಲು ಎದುರಿಗೆ, ಬಡಗು ಮುಖಕ್ಕೆ ಹೊಂದಿಸಿದ ಚಿತ್ರದ ಕಡಲು ಎಡಕ್ಕೆ. ಗುಲಾಬಕ್ಕ ನಮ್ಮವರಿಗೆ, "ನೀವ್ ಆ ಬದಿ ಹಿಡೀನಿ" ಎಂದು ಆಜ್ಞೆ ಮಾಡಿ, ನಾನು ಅದರ ಮೇಲಿರುವಾಗಲೇ ಮಂಚದ ತಲೆಯನ್ನು ತೆಂಕಿಗೆ ತಿರುಗಿಸಿಬಿಟ್ಟರು. ಆ ತಿರುಗುವಿಕೆಗೆ ನನ್ನ ಹರಳುಗಳು ಏನಂದುಕೊಂಡವೋ. ಆಮೇಲೆ ನನ್ನ ಹೆಗಲು ಹಿಡಿದು ಕುಳಿತರು. ಕನ್ನಡಕದ ಒಳಗಿನಿಂದ ಒಬ್ಬ ನಾನು, ಹೊರಗಿನಿಂದ ಒಬ್ಬ ಗುಲಾಬಕ್ಕ, ಇಬ್ಬರೂ ಒಟ್ಟಿಗೆ ಗದರುತ್ತಿದ್ದರು: ಕಣ್ ಬಿಡಿ. ಹೊಳಿ ಬದಿಗೆ. ಮನಿಕಣಿ. ಹೆದ್ರೂಕಾಗ. ಈಗ ಕಡಲ್ ಬದಿಗೆ.

ಪ್ರಪಂಚ ನಿಂತಿತು.

ಅರ್ಧ ಗಂಟೆ ಕೂರಿಸಿ, ಚಹಾ ಕುಡಿಸಿ, ತಾವೂ ಕುಡಿದು, ಗುಲಾಬಕ್ಕ ಎದ್ದರು. ಬಾಕಿ ಮನೆಗಳವರು ಕಾಯುತ್ತಿರುತ್ತಾರಲ್ಲ. ನಾನೂ ಎದ್ದು ಹಿಂದೆಯೇ ಅಂಗಳಕ್ಕೆ ಹೋದೆ. ನಮ್ಮವರು ಬುಟ್ಟಿಗೆ ಕೈ ಹಾಕಲು ಬಂದರೆ ಗುಲಾಬಕ್ಕ ಬಿಡಲಿಲ್ಲ. ಸಿಂಬೆ ಸರಿಮಾಡಿಕೊಂಡು ನನ್ನ ಕಡೆಗೇ ತಿರುಗಿದರು.

"ಅಮ್ಮ, ಹೊರ್ಸಿ ಕಾಂಬ."

ನಾನು ಒಂದು ಬದಿ ಹಿಡಿದೆ, ಅವರು ಒಂದು ಬದಿ. ಬುಟ್ಟಿ ಮೇಲೇರಿತು. ಇಬ್ಬರೂ ತಲೆ ಎತ್ತಿ ನೋಡಿದೆವು. ಅಂಗಳ ಇದ್ದಲ್ಲೇ ಇತ್ತು.